ಒಂದೇ ಕಡತವೋ, ಹಂಚಿಕೊಂಡ ಲೈಬ್ರರಿಯೋ?

2003ರಲ್ಲಿ ನಡೆದ ಸಂಗತಿ. ನಮ್ಮ ಭೌತವಿಜ್ಞಾನ ವಿಭಾಗದ ಪ್ರಯೋಗಾಲಯದಲ್ಲಿ ವಿಂಡೋಸ್ 98 ಅಳವಡಿಸಿದ್ದ ಒಂದೇ ಒಂದು ಕಂಪ್ಯೂಟರ್ ಇತ್ತು. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಅಳತೆಗಳನ್ನು ಅದರಲ್ಲಿ ತುಂಬಿಸಿ, ಗ್ರಾಫ್ ಬರೆಯುವ ತಂತ್ರಾಂಶವೊಂದರಿಂದ ವಕ್ರರೇಖೆಗಳನ್ನು ಹೊಂದಿಸುತ್ತಿದ್ದರು. ಒಂದು ಮಧ್ಯಾಹ್ನ, ಹೊಸದಾಗಿ ಕೊಂಡ ಅಳತೆಯ ಉಪಕರಣದ ಜೊತೆ ಬಂದ ಸಿ.ಡಿ.ಯಿಂದ ಅದರ ತಂತ್ರಾಂಶವನ್ನು ಸ್ಥಾಪಿಸಿದೆವು. ಉಪಕರಣ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಮರುದಿನ ಗ್ರಾಫಿನ ತಂತ್ರಾಂಶ ತೆರೆದುಕೊಳ್ಳಲೇ ಇಲ್ಲ. ಅದನ್ನು ಯಾರೂ ಮುಟ್ಟಿರಲಿಲ್ಲ, ಅದರ ಫೋಲ್ಡರಿನ ಒಂದು ಕಡತವೂ ಬದಲಾಗಿರಲಿಲ್ಲ. ಪರೀಕ್ಷೆಗೆ ಹತ್ತು ದಿನ ಮಾತ್ರ ಬಾಕಿ ಇತ್ತು.

ಎರಡು ದಿನಗಳ ಹುಡುಕಾಟದ ನಂತರ ಕಾರಣ ತಿಳಿಯಿತು. ಎರಡೂ ತಂತ್ರಾಂಶಗಳು ಎಂಎಫ್‌ಸಿ42.ಡಿಎಲ್‌ಎಲ್ ಎಂಬ ಒಂದೇ ಕಡತವನ್ನು ಅವಲಂಬಿಸಿದ್ದವು. ಉಪಕರಣದ ಸಿ.ಡಿ.ಯು ತನ್ನಲ್ಲಿದ್ದ ಹಳೆಯ ಆವೃತ್ತಿಯನ್ನು ವಿಂಡೋಸಿನ ಸಿಸ್ಟಂ ಫೋಲ್ಡರಿನಲ್ಲಿದ್ದ ಹೊಸ ಆವೃತ್ತಿಯ ಮೇಲೆ ಬರೆದುಬಿಟ್ಟಿತ್ತು. ಪಕ್ಕದ ವಿಭಾಗದ ಕಂಪ್ಯೂಟರಿನಿಂದ ಆ ಕಡತದ ಹೊಸ ಪ್ರತಿಯನ್ನು ಫ್ಲಾಪಿಯಲ್ಲಿ ತಂದು ಹಾಕಿದ ಮೇಲೆ ಎಲ್ಲವೂ ಸರಿಹೋಯಿತು. ಆ ದಿನಗಳಲ್ಲಿ ತಂತ್ರಾಂಶ ಬರೆಯುವವರು ಇಂಥ ಪೇಚಾಟಕ್ಕೆ ‘ಡಿಎಲ್‌ಎಲ್ ಹೆಲ್’ ಎಂದು ಹೆಸರಿಟ್ಟಿದ್ದರು.

ಆ ಪೇಚಾಟವನ್ನು ಉಂಡವರಿಗೆ ಇಂದು ಕೇಳಿಬರುವ ಒಂದು ವಾದ ಬಹಳ ಹಿತವಾಗಿ ಕಾಣುತ್ತದೆ. ‘ಹಂಚಿಕೆಯ ಲೈಬ್ರರಿಗಳ ಕಾಲ ಮುಗಿಯಿತು. ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದುದನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಒಂದೇ ಕಡತವಾಗಿ ಬರಲಿ. ತಂದು ಇಟ್ಟು ಓಡಿಸಿದರಾಯಿತು’ ಎಂಬುದು ಆ ವಾದ. ಇದು ಎಷ್ಟು ಸರಿ? ಈ ಲೇಖನದಲ್ಲಿ ಎರಡು ಕಡೆಯ ವಾದಗಳನ್ನೂ ಪರಿಶೀಲಿಸೋಣ. ಎರಡೂ ಅರ್ಧ ಸತ್ಯಗಳು ಎಂಬುದು ನನ್ನ ಅಭಿಪ್ರಾಯ. ಆದರೆ ಯಾವ ಅರ್ಧ ಎಂಬುದೇ ಮುಖ್ಯ.

ಲಾಗ್ ಟೇಬಲಿನ ಉದಾಹರಣೆ

ಯಾವ ಕ್ರಮವಿಧಿಯೂ ಪೂರ್ತಿಯಾಗಿ ಸ್ವಂತದ್ದಲ್ಲ. ಪರದೆಯ ಮೇಲೆ ಅಕ್ಷರ ಮೂಡಿಸುವುದು, ವರ್ಗಮೂಲ ತೆಗೆಯುವುದು, ಚಿತ್ರವನ್ನು ಬಿಡಿಸಿ ತೋರಿಸುವುದು ಮುಂತಾದ ಕೆಲಸಗಳಿಗೆ ಬೇರೆಯವರು ಬರೆದಿಟ್ಟ ಆದೇಶಗಳ ಕಟ್ಟನ್ನು ಅದು ಬಳಸಿಕೊಳ್ಳುತ್ತದೆ. ಅಂಥ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಅದನ್ನು ಕ್ರಮವಿಧಿಗೆ ಜೋಡಿಸುವುದಕ್ಕೆ ಎರಡು ದಾರಿಗಳಿವೆ.

ಕ್ಯಾಲ್ಕುಲೇಟರ್ ಬರುವ ಮೊದಲು ನಮ್ಮ ಪ್ರಯೋಗಾಲಯಗಳಲ್ಲಿ ಲಾಗ್ ಟೇಬಲ್ ಪುಸ್ತಕ ಇರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಒಬ್ಬ ವಿದ್ಯಾರ್ಥಿ ತನಗೆ ಬೇಕಾದ ಸಾಲುಗಳನ್ನು ತನ್ನ ರೆಕಾರ್ಡ್ ಪುಸ್ತಕದೊಳಗೇ ನಕಲು ಮಾಡಿಕೊಳ್ಳಬಹುದು. ಇದು ಸ್ಥಿರ ಜೋಡಣೆ, ಅಂದರೆ ಸ್ಟ್ಯಾಟಿಕ್ ಲಿಂಕಿಂಗ್. ಕ್ರಮವಿಧಿಯನ್ನು ತಯಾರಿಸುವಾಗಲೇ ಲೈಬ್ರರಿಯ ಬೇಕಾದ ಭಾಗಗಳು ಅದರೊಳಗೆ ಸೇರಿ, ಒಂದೇ ಕಡತ ಸಿದ್ಧವಾಗುತ್ತದೆ. ಇನ್ನೊಬ್ಬ ವಿದ್ಯಾರ್ಥಿ ‘ಲಾಗ್ ಟೇಬಲ್ ನೋಡುವುದು’ ಎಂದಷ್ಟೇ ಬರೆದುಕೊಂಡು, ಲೆಕ್ಕ ಮಾಡುವ ಹೊತ್ತಿಗೆ ಮೇಜಿನ ಮೇಲಿರುವ ಪುಸ್ತಕವನ್ನು ತೆರೆಯಬಹುದು. ಇದು ಚಲನಶೀಲ ಜೋಡಣೆ, ಅಂದರೆ ಡೈನಮಿಕ್ ಲಿಂಕಿಂಗ್. ಇಲ್ಲಿ ಕ್ರಮವಿಧಿಯು ಓಡತೊಡಗಿದಾಗ ಕಾರ್ಯಾಚರಣ ವ್ಯವಸ್ಥೆಯು ಲೈಬ್ರರಿಯನ್ನು ಹುಡುಕಿ, ಮೆಮೊರಿಗೆ ತಂದು, ಎರಡನ್ನೂ ಬೆಸೆಯುತ್ತದೆ. ವಿಂಡೋಸಿನಲ್ಲಿ ಇಂಥ ಲೈಬ್ರರಿಗೆ ಡಿಎಲ್‌ಎಲ್ ಎಂದೂ ಯೂನಿಕ್ಸ್, ಲಿನಕ್ಸ್‌ಗಳಲ್ಲಿ ಶೇರ್ಡ್ ಆಬ್ಜೆಕ್ಟ್ ಎಂದೂ ಕರೆಯುತ್ತಾರೆ.

ಈ ವಿಚಾರ ಹೊಸದೇನಲ್ಲ. 1960ರ ದಶಕದಲ್ಲಿ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಕಟ್ಟಿದ ಮಲ್ಟಿಕ್ಸ್ ವ್ಯವಸ್ಥೆಯಲ್ಲೇ ಅದು ಇತ್ತು. 1985ರ ಮೊದಲ ವಿಂಡೋಸ್ ಇಂಥ ಲೈಬ್ರರಿಗಳ ಮೇಲೆಯೇ ನಿಂತಿತು. ಸನ್ ಕಂಪನಿಯ ಸನ್ಓಎಸ್ 4.0 ಆವೃತ್ತಿಯು 1988ರಲ್ಲಿ ಅದನ್ನು ಯೂನಿಕ್ಸ್ ಕಂಪ್ಯೂಟರುಗಳಿಗೆ ಸಮರ್ಥವಾಗಿ ತಂದುಕೊಟ್ಟಿತು.

ಲಾಗ್ ಟೇಬಲಿನ ಹೋಲಿಕೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು. ಮೇಜಿನ ಮೇಲಿನ ಪುಸ್ತಕದಲ್ಲಿ ಅಚ್ಚಿನ ತಪ್ಪೊಂದಿದ್ದರೆ ಉಪನ್ಯಾಸಕರು ಒಮ್ಮೆ ಪೆನ್ನಿನಲ್ಲಿ ತಿದ್ದಿದರೆ ಸಾಕು, ಮುಂದೆ ನೋಡುವ ಎಲ್ಲರಿಗೂ ಸರಿಯಾದ ಬೆಲೆಯೇ ಸಿಗುತ್ತದೆ. ನಕಲು ಮಾಡಿಕೊಂಡವರ ಪುಸ್ತಕಗಳಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಆದರೆ ಯಾರೋ ಮೇಜಿನ ಮೇಲಿನ ಪುಸ್ತಕವನ್ನು ತೆಗೆದು ಬೇರೆ ಮುದ್ರಣವನ್ನು ಇಟ್ಟರೆ, ‘14ನೆಯ ಪುಟ ನೋಡುವುದು’ ಎಂದು ಬರೆದುಕೊಂಡವನ ಗತಿ ಏನು? ನಕಲು ಮಾಡಿಕೊಂಡವನಿಗೆ ಆ ತೊಂದರೆಯೇ ಇಲ್ಲ. ಎರಡು ಕಡೆಯ ವಾದಗಳ ತಿರುಳು ಇಷ್ಟೆ. ನಮ್ಮ ಪ್ರಯೋಗಾಲಯದಲ್ಲಿ 2003ರಲ್ಲಿ ಆದದ್ದು ಈ ಪುಸ್ತಕ ಬದಲಾವಣೆಯೇ.

ಉಳಿತಾಯದ ವಾದ ಎಷ್ಟು ಉಳಿದಿದೆ?

ಹಂಚಿಕೆಯ ಲೈಬ್ರರಿಯ ಪರವಾಗಿ ಪಠ್ಯಪುಸ್ತಕಗಳು ಮೊದಲು ಹೇಳುವುದು ಮೆಮೊರಿಯ ಉಳಿತಾಯವನ್ನು. ಹತ್ತು ಕ್ರಮವಿಧಿಗಳು ಒಂದೇ ಲೈಬ್ರರಿಯನ್ನು ಬಳಸಿದರೆ ಅದರ ಆದೇಶಗಳ ಒಂದೇ ಪ್ರತಿ ಮೆಮೊರಿಯಲ್ಲಿದ್ದರೆ ಸಾಕು. ಈ ವಾದವನ್ನು ಸ್ಥೂಲ ಲೆಕ್ಕದಿಂದ ತೂಗಿ ನೋಡೋಣ. 8 ಮೆಗಾಬೈಟ್ ಮೆಮೊರಿ ಇರುವ 1995ರ ಸುಮಾರಿನ ಕಂಪ್ಯೂಟರ್ ಒಂದನ್ನು ಊಹಿಸಿಕೊಳ್ಳಿ. ಕಿಟಕಿ, ಗುಂಡಿಗಳನ್ನು ಬಿಡಿಸುವ 1 ಮೆಗಾಬೈಟಿನ ಲೈಬ್ರರಿಯನ್ನು ಹತ್ತು ಕ್ರಮವಿಧಿಗಳು ತಮ್ಮತಮ್ಮೊಳಗೆ ನಕಲು ಮಾಡಿಕೊಂಡರೆ ಅದಕ್ಕೇ 10 ಮೆಗಾಬೈಟ್ ಬೇಕು. ಕಂಪ್ಯೂಟರಿನ ಮೆಮೊರಿ ಅಲ್ಲಿಗೇ ಮುಗಿಯಿತು. ಹಂಚಿಕೊಂಡರೆ 1 ಮೆಗಾಬೈಟ್ ಸಾಕು. ಅಂದು ಹಂಚಿಕೆಯು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಇಂದಿನ ಕಂಪ್ಯೂಟರಿನಲ್ಲಿ 8 ಗಿಗಾಬೈಟ್ ಇದೆ ಎನ್ನೋಣ. ಅದು ಸಾವಿರ ಪಟ್ಟು. ಲೈಬ್ರರಿಯೂ ಹತ್ತು ಪಟ್ಟು ಬೆಳೆಯಿತು, ಕ್ರಮವಿಧಿಗಳು ಐವತ್ತಾದವು ಎಂದಿಟ್ಟುಕೊಂಡರೂ ನಕಲುಗಳಿಗೆ 500 ಮೆಗಾಬೈಟ್, ಅಂದರೆ ಶೇಕಡ 6ರಷ್ಟು ಮಾತ್ರ ಖರ್ಚು. ಸ್ಥಿರ ಜೋಡಣೆಯಲ್ಲಿ ಲೈಬ್ರರಿಯ ಬೇಕಾದ ಭಾಗಗಳಷ್ಟೇ ಸೇರುವುದರಿಂದ ಖರ್ಚು ಇನ್ನೂ ಕಡಿಮೆ. ಹೀಗಾಗಿ ಒಂದೇ ಕಡತದ ಪಕ್ಷದವರು ‘ಉಳಿತಾಯದ ವಾದ ಹಳತಾಯಿತು’ ಎಂದರೆ ಅದರಲ್ಲಿ ಹುರುಳಿದೆ.

ಆದರೆ ಪೂರ್ತಿ ಹಳತಾಗಿಲ್ಲ. ಲೈಬ್ರರಿಯ ಗಾತ್ರಕ್ಕೆ ಮಿತಿ ಇದ್ದಾಗ ಮಾತ್ರ ಮೇಲಿನ ಲೆಕ್ಕ ಸರಿ. 2013ರಲ್ಲಿ ಶುರುವಾಗಿ 2015ರಲ್ಲಿ ಎಲೆಕ್ಟ್ರಾನ್ ಎಂಬ ಹೆಸರು ಪಡೆದ ಚೌಕಟ್ಟನ್ನು ನೋಡಿ. ಅದನ್ನು ಬಳಸಿ ತಯಾರಾದ ಪ್ರತಿಯೊಂದು ಡೆಸ್ಕ್‌ಟಾಪ್ ತಂತ್ರಾಂಶವೂ ಕ್ರೋಮಿಯಂ ಎಂಬ ಇಡೀ ವೆಬ್ ಬ್ರೌಸರಿನ ಯಂತ್ರಾಂಗವನ್ನೇ ತನ್ನೊಡನೆ ಹೊತ್ತು ತರುತ್ತದೆ. ಸಂದೇಶ ಕಳಿಸುವ ಸಣ್ಣ ತಂತ್ರಾಂಶವೂ ನೂರು ಮೆಗಾಬೈಟ್ ಮೀರುತ್ತದೆ. ಇಂಥ ಆರು ತಂತ್ರಾಂಶಗಳಿದ್ದರೆ ಆರು ಬ್ರೌಸರುಗಳನ್ನು ಇಟ್ಟುಕೊಂಡಂತೆ. ನಮ್ಮ ಕಾಲೇಜುಗಳ 4 ಗಿಗಾಬೈಟಿನ ಹಳೆಯ ಕಂಪ್ಯೂಟರುಗಳು ಏಕೆ ಏದುಸಿರು ಬಿಡುತ್ತವೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಮೆಮೊರಿ ಅಗ್ಗವಾದಂತೆ ತಂತ್ರಾಂಶ ಬರೆಯುವವರ ಕೈಯೂ ಸಡಿಲವಾಗುತ್ತದೆ. ಅನಿಲವು ಪಾತ್ರೆಯನ್ನೆಲ್ಲ ತುಂಬಿಕೊಳ್ಳುವ ಹಾಗೆ ತಂತ್ರಾಂಶವೂ ಸಿಕ್ಕ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ.

ದುರಸ್ತಿಯ ವಾದವೇ ದೊಡ್ಡದು

ನನ್ನ ದೃಷ್ಟಿಯಲ್ಲಿ ಹಂಚಿಕೆಯ ಲೈಬ್ರರಿಯ ನಿಜವಾದ ಬಲ ಉಳಿತಾಯದಲ್ಲಿಲ್ಲ, ದುರಸ್ತಿಯಲ್ಲಿದೆ. ಮೂರು ನೈಜ ಪ್ರಸಂಗಗಳನ್ನು ಗಮನಿಸೋಣ.

ಮೊದಲನೆಯದು 2004ರ ಸೆಪ್ಟೆಂಬರಿನದು. ಜೆಪೆಗ್ ಚಿತ್ರಗಳನ್ನು ಬಿಡಿಸಿ ತೋರಿಸುವ ಜಿಡಿಐ ಪ್ಲಸ್ ಎಂಬ ಮೈಕ್ರೋಸಾಫ್ಟ್ ಲೈಬ್ರರಿಯಲ್ಲಿ ದೋಷ ಪತ್ತೆಯಾಯಿತು. ಕುತಂತ್ರದಿಂದ ತಯಾರಿಸಿದ ಒಂದು ಚಿತ್ರವನ್ನು ತೆರೆದರೆ ಸಾಕು, ಕಂಪ್ಯೂಟರ್ ಬೇರೆಯವರ ವಶವಾಗಬಹುದಿತ್ತು. ವಿಂಡೋಸನ್ನು ತಿದ್ದಿದರೆ ಮುಗಿಯಿತಲ್ಲ ಎನ್ನಬಹುದು. ಹಾಗಾಗಲಿಲ್ಲ. ಡಿಎಲ್‌ಎಲ್ ಪೇಚಾಟದಿಂದ ಪಾರಾಗಲು ಅನೇಕ ತಂತ್ರಾಂಶಗಳು ಆ ಲೈಬ್ರರಿಯ ಸ್ವಂತ ಪ್ರತಿಯನ್ನು ತಮ್ಮತಮ್ಮ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದವು. ಒಂದೇ ಕಂಪ್ಯೂಟರಿನಲ್ಲಿ ಅಡಗಿದ್ದ ಹಲವು ಪ್ರತಿಗಳನ್ನು ಹುಡುಕಲು ಮೈಕ್ರೋಸಾಫ್ಟ್ ಪ್ರತ್ಯೇಕ ಪರಿಶೀಲನಾ ಸಾಧನವನ್ನೇ ಕೊಡಬೇಕಾಯಿತು. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗಕ್ಕೆ ಕಾರಣವಾಗಿತ್ತು.

ಎರಡನೆಯದು 2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್. ಗುಪ್ತಲಿಪಿಯಲ್ಲಿ ಸಂವಹನ ನಡೆಸಲು ಬಳಸುವ ಓಪನ್ಎಸ್‌ಎಸ್‌ಎಲ್ ಲೈಬ್ರರಿಯ ದೋಷವಿದು. ಅದರಿಂದ ಎದುರಿನ ಕಂಪ್ಯೂಟರಿನ ಮೆಮೊರಿಯಲ್ಲಿದ್ದ ಗುಟ್ಟುಗಳು ಸೋರಿಹೋಗಬಹುದಿತ್ತು. ಲಿನಕ್ಸ್ ವಿತರಣೆಗಳು ತಿದ್ದಿದ ಲೈಬ್ರರಿಯನ್ನು ಕೂಡಲೇ ಹೊರತಂದವು. ಆ ಒಂದು ಕಡತವನ್ನು ಬದಲಿಸಿದ ಕೂಡಲೇ ಅದನ್ನು ಹಂಚಿಕೊಂಡಿದ್ದ ಹತ್ತಾರು ಕ್ರಮವಿಧಿಗಳು ಏಕಕಾಲಕ್ಕೆ ಸರಿಹೋದವು. ಒಂದು ಸೂಕ್ಷ್ಮವಿದೆ: ಆಗಲೇ ಓಡುತ್ತಿರುವ ಕ್ರಮವಿಧಿಯು ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಓಡಿಸಿದಾಗಲೇ ಹೊಸದು ಜೋಡಣೆಯಾಗುತ್ತದೆ. ಅಷ್ಟು ಮಾಡಿದರೆ ಸಾಕಿತ್ತು. ಓಪನ್ಎಸ್‌ಎಸ್‌ಎಲ್ ಅನ್ನು ತಮ್ಮೊಳಗೇ ಸೇರಿಸಿಕೊಂಡಿದ್ದ ತಂತ್ರಾಂಶಗಳಾದರೋ ತಮ್ಮತಮ್ಮ ತಯಾರಕರು ಹೊಸ ಆವೃತ್ತಿ ಕೊಡುವವರೆಗೂ ಕಾಯಬೇಕಾಯಿತು.

ಮೂರನೆಯದು 2023ರ ಸೆಪ್ಟೆಂಬರಿನದು, ಡೆಸ್ಕ್‌ಟಾಪಿಗೆ ತೀರ ಹತ್ತಿರದ್ದು. ವೆಬ್‌ಪಿ ಬಗೆಯ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ, ಹಫ್‌ಮನ್ ಸಂಕೇತಗಳ ಕೋಷ್ಟಕ ಕಟ್ಟುವ ಭಾಗದಲ್ಲಿ ದೋಷವಿತ್ತು. ಆಪಲ್ ಕಂಪನಿಯ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದನ್ನು ಗೂಗಲ್‌ಗೆ ತಿಳಿಸಿದವು. ಅಷ್ಟರಲ್ಲಾಗಲೇ ಅದರ ದುರುಪಯೋಗ ಆರಂಭವಾಗಿತ್ತು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳ ತಿದ್ದಿದ ಆವೃತ್ತಿಗಳು ಒಂದು ವಾರದೊಳಗೆ ಬಂದವು. ಆದರೆ ಈ ಲೈಬ್ರರಿ ಕ್ರೋಮಿಯಂ ಒಳಗಿದೆ, ಕ್ರೋಮಿಯಂ ಎಲೆಕ್ಟ್ರಾನ್ ಒಳಗಿದೆ, ಎಲೆಕ್ಟ್ರಾನ್ ನೂರಾರು ತಂತ್ರಾಂಶಗಳ ಒಳಗಿದೆ. ಡಬ್ಬಿಯೊಳಗೆ ಡಬ್ಬಿಯೊಳಗೆ ಡಬ್ಬಿ! ಲೈಬ್ರರಿಯ ಗಾತ್ರ ಕೆಲವು ನೂರು ಕಿಲೋಬೈಟ್ ಮಾತ್ರ. ಹಂಚಿಕೆಯಲ್ಲಿದ್ದಿದ್ದರೆ ಅಷ್ಟನ್ನು ಒಮ್ಮೆ ಇಳಿಸಿಕೊಂಡರೆ ಸಾಕಿತ್ತು. ಈಗ ನೂರು ಮೆಗಾಬೈಟಿನ ತಂತ್ರಾಂಶಗಳನ್ನು ಒಂದೊಂದಾಗಿ ಮತ್ತೆ ಇಳಿಸಿಕೊಳ್ಳಬೇಕು. ಐದು ತಂತ್ರಾಂಶಗಳಿದ್ದರೆ 500 ಮೆಗಾಬೈಟ್. ಸುಮಾರು ಸಾವಿರ ಪಟ್ಟು ಖರ್ಚು. ಅದಕ್ಕಿಂತ ಮುಖ್ಯವಾಗಿ, ಯಾವ ತಂತ್ರಾಂಶದೊಳಗೆ ಆ ಲೈಬ್ರರಿ ಇದೆಯೆಂಬುದು ಸಾಮಾನ್ಯ ಬಳಕೆದಾರನಿಗೆ ತಿಳಿಯುವುದಾದರೂ ಹೇಗೆ?

ಡೆಬಿಯನ್ ಲಿನಕ್ಸಿನ ನೀತಿಸಂಹಿತೆಯಲ್ಲಿ, ಬೇರೆಯವರ ಲೈಬ್ರರಿಯ ನಕಲನ್ನು ತಂತ್ರಾಂಶದೊಳಗೆ ಸೇರಿಸಿಕೊಳ್ಳಬಾರದೆಂಬ ಪ್ರತ್ಯೇಕ ವಿಧಿ ಇರುವುದು ಇಂಥ ಅನುಭವಗಳಿಂದಲೇ. ಒಂದೇ ಕಡತದ ಪಕ್ಷದವರು ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವುದನ್ನು ನಾನು ಹೆಚ್ಚು ಕಂಡಿಲ್ಲ. ‘ತಯಾರಕರು ಹೊಸ ಆವೃತ್ತಿ ಕೊಡುತ್ತಾರೆ’ ಎಂಬುದು ಅವರ ಸಾಮಾನ್ಯ ಉತ್ತರ. ತಯಾರಕರು ಅಂಗಡಿ ಮುಚ್ಚಿದ್ದರೆ? ಪ್ರಯೋಗಾಲಯಗಳಲ್ಲಿ ಇರುವ ಉಪಕರಣಗಳ ತಂತ್ರಾಂಶಗಳಲ್ಲಿ ಅಂಥವು ಎಷ್ಟೋ ಇವೆ.

ಕಾಲ ಕೆಳಗಿನ ನೆಲ ಸರಿದಾಗ

ಇಷ್ಟು ಹೇಳಿದ ಮೇಲೆ ಹಂಚಿಕೆಯ ಪಕ್ಷದವರಿಗೂ ಕೆಲವು ಪ್ರಶ್ನೆ ಕೇಳಬೇಕು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಹೋಗುತ್ತದೆ ಎಂಬುದು ನಿಜವಾದರೆ, ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಕೆಡುತ್ತದೆ ಎಂಬುದೂ ನಿಜವಲ್ಲವೆ?

2010ರ ಕೊನೆಯಲ್ಲಿ ಫೆಡೋರಾ 14 ಲಿನಕ್ಸ್ ಬಳಸುತ್ತಿದ್ದವರಿಗೆ ವಿಚಿತ್ರ ಅನುಭವವಾಯಿತು. 64 ಬಿಟ್‌ನ ಫ್ಲಾಶ್ ಪ್ಲೇಯರಿನಲ್ಲಿ ಧ್ವನಿ ಗರಗರ ಎನ್ನತೊಡಗಿತು. ಫ್ಲಾಶ್ ಬದಲಾಗಿರಲಿಲ್ಲ. ಬದಲಾಗಿದ್ದುದು ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ. ಅದರಲ್ಲಿ ಮೆಮೊರಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲು ಮಾಡುವ ‘ಮೆಮ್‌ಕಾಪಿ’ ಎಂಬ ಫಂಕ್ಷನ್ ಇದೆ. ಎರಡು ಭಾಗಗಳು ಒಂದರ ಮೇಲೊಂದು ಹಾಯುವಂತಿದ್ದರೆ ಇದನ್ನು ಬಳಸಬಾರದು ಎಂಬುದು ನಿಯಮ. ಹಳೆಯ ಜಿಲಿಬ್‌ಸಿಯಲ್ಲಿ ನಿಯಮ ಮುರಿದರೂ ಅದೃಷ್ಟವಶಾತ್ ಉತ್ತರ ಸರಿ ಬರುತ್ತಿತ್ತು. ವೇಗ ಹೆಚ್ಚಿಸಲೆಂದು ನಕಲು ಮಾಡುವ ದಿಕ್ಕನ್ನು ಬದಲಿಸಿದಾಗ ಆ ಅದೃಷ್ಟ ಕೈಕೊಟ್ಟಿತು. ತಪ್ಪು ಫ್ಲಾಶ್‌ನದೆಂದು ಕೆಲವರು ಹೇಳಿದರು. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ನಿಯಮ ಏನೇ ಹೇಳಲಿ, ನಿನ್ನೆಯವರೆಗೆ ನಡೆಯುತ್ತಿದ್ದುದು ಇಂದು ನಿಂತರೆ ಬಳಕೆದಾರನ ಪಾಲಿಗೆ ಅದು ಲೈಬ್ರರಿಯ ತಪ್ಪೇ ಎಂಬ ನಿಲುವು ಅವರದು. ಕೊನೆಗೆ ಜಿಲಿಬ್‌ಸಿಯವರು ಹಳೆಯ ಕ್ರಮವಿಧಿಗಳಿಗೆ ಹಳೆಯ ನಡವಳಿಕೆ, ಹೊಸವಕ್ಕೆ ಹೊಸದು ಸಿಗುವಂತೆ ಆ ಫಂಕ್ಷನ್ನಿಗೆ ಎರಡು ಆವೃತ್ತಿಗಳ ಗುರುತು ಹಾಕಿದರು. ಒಂದೇ ಲೈಬ್ರರಿಯೊಳಗೆ ಎರಡು ಮುದ್ರಣಗಳು ಒಟ್ಟಿಗೆ ಇದ್ದ ಹಾಗೆ.

ಅದೇ ಟೋರ್ವಾಲ್ಡ್ಸ್ 2011ರಲ್ಲಿ ಸಬ್‌ಸರ್ಫೇಸ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶವನ್ನು ಆರಂಭಿಸಿದರು. ನೀರಿನಾಳಕ್ಕೆ ಧುಮುಕುವವರು ತಮ್ಮ ಮುಳುಗಿನ ವಿವರಗಳನ್ನು ದಾಖಲಿಸಲು ಅದನ್ನು ಬಳಸುತ್ತಾರೆ. 2014ರ ಡೆಬಿಯನ್ ಸಮ್ಮೇಳನದಲ್ಲಿ ಅವರು ತೋಡಿಕೊಂಡ ದೂರು ಸ್ವಾರಸ್ಯಕರವಾಗಿದೆ. ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಒಂದು ತಯಾರಿಸಿದರೆ ಎಲ್ಲರ ಕಂಪ್ಯೂಟರಿನಲ್ಲೂ ಓಡುತ್ತದೆ. ಲಿನಕ್ಸ್‌ಗೆ ಮಾತ್ರ, ಪ್ರತಿಯೊಂದು ವಿತರಣೆಯ ಲೈಬ್ರರಿಗಳೂ ಬೇರೆಬೇರೆ ಆದುದರಿಂದ, ಎಲ್ಲೆಡೆ ಓಡುವ ಒಂದನ್ನು ತಯಾರಿಸುವುದು ತಲೆನೋವು ಎಂಬುದು ಅದರ ಸಾರ. ಲಿನಕ್ಸನ್ನು ಕಟ್ಟಿದವರಿಗೇ ಲಿನಕ್ಸಿಗೆ ಡೆಸ್ಕ್‌ಟಾಪ್ ತಂತ್ರಾಂಶ ಹಂಚುವುದು ಕಷ್ಟವಾದರೆ ಉಳಿದವರ ಪಾಡೇನು? ಸಬ್‌ಸರ್ಫೇಸ್ ಈಗ ಲಿನಕ್ಸಿಗೆ ಆಪ್‌ಇಮೇಜ್ ಎಂಬ ಒಂದೇ ಕಡತದ ರೂಪದಲ್ಲೂ ಸಿಗುತ್ತದೆ.

ಅವಲಂಬನೆಯ ಸರಪಳಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಇನ್ನೊಂದು ಆತಂಕ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಎಕ್ಸ್‌ಜೆಡ್ ಎಂಬ ಸಂಕೋಚನ ಲೈಬ್ರರಿಯೊಳಗೆ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿರುವುದನ್ನು ಬಯಲಿಗೆಳೆದರು. ದೂರದಿಂದ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಸಣ್ಣ ವ್ಯತ್ಯಾಸವನ್ನೂ ಕಡೆಗಣಿಸದ ಪ್ರಯೋಗಕಾರನ ಗುಣ ಇದು. ಲಾಗಿನ್ ಕ್ರಮವಿಧಿಗೂ ಸಂಕೋಚನಕ್ಕೂ ಏನು ನಂಟು? ನೇರ ನಂಟಿಲ್ಲ. ಕೆಲವು ವಿತರಣೆಗಳು ಲಾಗಿನ್ ಕ್ರಮವಿಧಿಗೆ ಸಿಸ್ಟಂಡಿ ಎಂಬ ವ್ಯವಸ್ಥೆಯ ಲೈಬ್ರರಿಯನ್ನು ಜೋಡಿಸಿದ್ದವು. ಅದು ತನ್ನ ಬೇರೊಂದು ಕೆಲಸಕ್ಕಾಗಿ ಎಕ್ಸ್‌ಜೆಡ್ ಲೈಬ್ರರಿಯನ್ನು ಕರೆತರುತ್ತಿತ್ತು. ಸ್ನೇಹಿತನ ಸ್ನೇಹಿತನೆಂದು ಮನೆಯೊಳಗೆ ಬಂದವನು ಕಳ್ಳನಾಗಿದ್ದ. ಹಂಚಿಕೆ ಸುಲಭವಾದಷ್ಟೂ ಯಾರು ಒಳಗೆ ಬಂದಿದ್ದಾರೆಂದು ಎಣಿಸುವ ಅಭ್ಯಾಸ ತಪ್ಪುತ್ತದೆ.

ಕೊನೆಯ ಬಿಟ್ಟಿನ ಪ್ರಶ್ನೆ

ಭೌತವಿಜ್ಞಾನದ ಅಧ್ಯಾಪಕನಾಗಿ ನನ್ನದೇ ಒಂದು ದೂರು ಇದೆ. ಪ್ರಯೋಗವೊಂದನ್ನು ಬೇರೊಬ್ಬರು ಮಾಡಿದರೂ ಅದೇ ಫಲ ಬರಬೇಕೆಂಬುದು ವಿಜ್ಞಾನದ ಮೂಲ ನಿಯಮ. ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ.

ಸೈನ್, ಲಾಗರಿದಮ್, ಘಾತ ಮುಂತಾದ ಫಂಕ್ಷನ್ನುಗಳನ್ನು ಲಿನಕ್ಸಿನಲ್ಲಿ ಜಿಲಿಬ್‌ಸಿಯ ಗಣಿತ ಲೈಬ್ರರಿ ಒದಗಿಸುತ್ತದೆ. 2018ರಲ್ಲಿ ಬಂದ ಅದರ 2.28ನೆಯ ಆವೃತ್ತಿಯಲ್ಲಿ ಘಾತ ಮತ್ತು ಲಾಗರಿದಮ್ ಫಂಕ್ಷನ್ನುಗಳನ್ನು ಹೊಸದಾಗಿ ಬರೆದರು. ಸೈನ್, ಕೊಸೈನ್‌ಗಳಲ್ಲಿ ಕೊನೆಯ ಬಿಟ್ಟನ್ನು ಸರಿಪಡಿಸಲೆಂದೇ ಇದ್ದ ನಿಧಾನದ ದಾರಿಯನ್ನು ತೆಗೆದುಹಾಕಿದರು. ವೇಗ ಹೆಚ್ಚಿತು. ಬೆಲೆಗಳು ಕೆಲವೊಮ್ಮೆ ಕೊನೆಯ ಬಿಟ್ಟಿನಲ್ಲಿ ಮೊದಲಿಗಿಂತ ಬೇರೆಯಾದವು. 53 ಬಿಟ್ಟುಗಳ ನಿಖರತೆಯಲ್ಲಿ ಕೊನೆಯ ಬಿಟ್ಟೆಂದರೆ 10,00,00,00,00,00,00,000ದಲ್ಲಿ ಒಂದು ಅಥವಾ ಎರಡು ಭಾಗ. ಯಾವ ಇಂಜಿನಿಯರೂ ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಜೋಡಿ ಲೋಲಕದಂಥ ಅವ್ಯವಸ್ಥಿತ ಚಲನೆಯಲ್ಲಿ ಸಣ್ಣ ವ್ಯತ್ಯಾಸ ಘಾತೀಯವಾಗಿ ಬೆಳೆಯುತ್ತದೆ. ಪ್ರತಿ ಸೆಕೆಂಡಿಗೆ ಹತ್ತು ಪಟ್ಟಾಗುತ್ತದೆ ಎಂದರೆ, 16 ಸೆಕೆಂಡುಗಳಲ್ಲಿ ಆ ಕೊನೆಯ ಬಿಟ್ಟು ಇಡೀ ಉತ್ತರದಷ್ಟೇ ದೊಡ್ಡದಾಗುತ್ತದೆ. ನಮ್ಮ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿನಿ ಹಳೆಯ ಮತ್ತು ಹೊಸ ಲಿನಕ್ಸ್ ಇರುವ ಎರಡು ಕಂಪ್ಯೂಟರುಗಳಲ್ಲಿ ಒಂದೇ ಕಡತವನ್ನು, ಮತ್ತೆ ಕಂಪೈಲ್ ಮಾಡದೆ, ಓಡಿಸಿದಳು. ಸ್ವಲ್ಪ ಹೊತ್ತಿನ ನಂತರ ಎರಡು ಲೋಲಕಗಳು ಬೇರೆ ಬೇರೆ ದಾರಿ ಹಿಡಿದವು. ತನ್ನ ಕ್ರಮವಿಧಿಯಲ್ಲೇ ತಪ್ಪಿದೆಯೆಂದು ಅವಳು ಒಂದು ವಾರ ಹುಡುಕಿದಳು. ತಪ್ಪು ಅವಳದಾಗಿರಲಿಲ್ಲ. ಮೇಜಿನ ಮೇಲಿನ ಲಾಗ್ ಟೇಬಲ್ ಬದಲಾಗಿತ್ತು, ಅಷ್ಟೆ. ಲೈಬ್ರರಿಯನ್ನು ಕಡತದೊಳಗೇ ಸೇರಿಸಿ ಎರಡೂ ಕಡೆ ಓಡಿಸಿದಾಗ ಲೋಲಕಗಳು ಒಂದೇ ದಾರಿಯಲ್ಲಿ ನಡೆದವು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಜಿಲಿಬ್‌ಸಿಯ ಗಣಿತ ಲೈಬ್ರರಿಯು ತಾನು ಓಡುತ್ತಿರುವ ಪ್ರೊಸೆಸರ್ ಯಾವುದೆಂದು ನೋಡಿ, ಅದಕ್ಕೆ ತಕ್ಕ ಒಳದಾರಿಯನ್ನು ಆರಿಸಿಕೊಳ್ಳುತ್ತದೆ. ಆದುದರಿಂದ ಒಂದೇ ಕಡತ ಮಾಡಿದರೂ ತೀರ ಹಳೆಯ ಪ್ರೊಸೆಸರಿನಲ್ಲಿ ಕೊನೆಯ ಬಿಟ್ಟು ಬದಲಾಗಬಹುದು. ನಮ್ಮ ಎರಡೂ ಕಂಪ್ಯೂಟರುಗಳ ಪ್ರೊಸೆಸರ್ ಒಂದೇ ಬಗೆಯದಾಗಿದ್ದರಿಂದ ಬಚಾವಾದೆವು. ಒಂದೇ ಕಡತವೆಂಬುದು ಮರುಪಡೆಯುವಿಕೆಗೆ ಸಹಾಯಕ, ಖಾತರಿಯಲ್ಲ. ಯಾವ ಲೈಬ್ರರಿಯ ಯಾವ ಆವೃತ್ತಿ ಬಳಸಿದೆವು ಎಂಬುದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುವುದೇ ಸರಿಯಾದ ಅಭ್ಯಾಸ.

ಕನ್ನಡ ಅಕ್ಷರಗಳು ಕಲಿಸುವ ಪಾಠ

ಈ ಚರ್ಚೆ ಕನ್ನಡಿಗರಿಗೆ ದೂರದ್ದೇನಲ್ಲ. ‘ಸೂರ್ಯ’ ಎಂಬ ಪದವನ್ನು ಯೂನಿಕೋಡಿನಲ್ಲಿ ಬರೆಯುವಾಗ ಮೊದಲು ರಕಾರ, ನಂತರ ಯಕಾರ ದಾಖಲಾಗುತ್ತದೆ. ಪರದೆಯ ಮೇಲೆ ಮಾತ್ರ ಮೊದಲು ‘ಯ’ ಮೂಡಿ, ಅದರ ಮುಂದೆ ಅರ್ಕಾವೊತ್ತು ಬರಬೇಕು. ಈ ಸ್ಥಾನಪಲ್ಲಟ ಮಾಡಿ ಅಕ್ಷರಕ್ಕೆ ರೂಪ ಕೊಡುವ ಕೆಲಸಕ್ಕೆ ಪ್ರತ್ಯೇಕ ಲೈಬ್ರರಿ ಬೇಕು. 2000ದ ದಶಕದಲ್ಲಿ ವಿಂಡೋಸಿಗೆ ಯೂನಿಸ್ಕ್ರೈಬ್ ಎಂಬ ಹಂಚಿಕೆಯ ಲೈಬ್ರರಿ ಇತ್ತು. ಲಿನಕ್ಸಿನಲ್ಲಿ ಪ್ಯಾಂಗೊ, ಕ್ಯೂಟಿ, ಐಸಿಯು ಎಂಬ ಮೂರು ಬಣಗಳು ತಮ್ಮತಮ್ಮದೇ ಯಂತ್ರಾಂಗಗಳನ್ನು ಇಟ್ಟುಕೊಂಡಿದ್ದವು. ಒಂದು ತಂತ್ರಾಂಶದಲ್ಲಿ ಸರಿಯಾಗಿ ಮೂಡಿದ ಒತ್ತಕ್ಷರ ಇನ್ನೊಂದರಲ್ಲಿ ಚದುರಿಹೋಗುತ್ತಿತ್ತು. ಒಂದು ಕಡೆ ತಿದ್ದಿದ ದೋಷವನ್ನು ಉಳಿದೆಡೆ ಮತ್ತೆ ತಿದ್ದಬೇಕಾಗುತ್ತಿತ್ತು.

ಹಾರ್ಫ್‌ಬಝ್ ಎಂಬ ಲೈಬ್ರರಿ ಈ ಬಣಗಳನ್ನು ಒಂದುಗೂಡಿಸಿತು. 2012ರ ಸುಮಾರಿಗೆ ಪ್ಯಾಂಗೊ ಅದಕ್ಕೆ ಬದಲಾಯಿತು. 2017ರ ಲಿಬ್ರೆಆಫೀಸ್ 5.3 ಆವೃತ್ತಿಯು ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಅದನ್ನೇ ಬಳಸತೊಡಗಿತು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಅದೇ ಇದೆ. ಕನ್ನಡದ ದೋಷವೊಂದನ್ನು ಅಲ್ಲಿ ಒಮ್ಮೆ ತಿದ್ದಿದರೆ ಕ್ರಮೇಣ ಎಲ್ಲೆಡೆ ಸರಿಹೋಗುತ್ತದೆ.

ಗಮನಿಸಬೇಕಾದ ಮಾತು ಈಗ ಬಂತು. ಬ್ರೌಸರುಗಳು ಸಾಮಾನ್ಯವಾಗಿ ಹಾರ್ಫ್‌ಬಝ್‌ನ ಸ್ವಂತ ಪ್ರತಿಯನ್ನೇ ತಮ್ಮೊಳಗೆ ಇಟ್ಟುಕೊಂಡಿರುತ್ತವೆ. ಹಾಗಾದರೆ ಇಲ್ಲಿ ಹಂಚಿಕೆಯಾದದ್ದು ಏನು? ಹಂಚಿಕೆಯಾದದ್ದು ಮೂಲ ಕ್ರಮವಿಧಿ, ಅದರ ಹಿಂದಿನ ಶ್ರಮ ಮತ್ತು ತಿಳಿವಳಿಕೆ. ಡಿಸ್ಕಿನ ಮೇಲಿನ ಕಡತವಲ್ಲ. ತಿಳಿವಳಿಕೆಯ ಹಂಚಿಕೆ ಮತ್ತು ಕಡತದ ಹಂಚಿಕೆ ಇವೆರಡೂ ಬೇರೆಬೇರೆ. ಎರಡು ಪಕ್ಷಗಳವರೂ ಇವನ್ನು ಬೆರೆಸಿ ವಾದಿಸುವುದರಿಂದಲೇ ಜಗಳ ಮುಗಿಯದಾಗಿದೆ. ಮೊದಲನೆಯದು ಯಾವಾಗಲೂ ಒಳ್ಳೆಯದು. ಎರಡನೆಯದು ಸಂದರ್ಭವನ್ನು ನೋಡಿ ತೀರ್ಮಾನಿಸಬೇಕಾದದ್ದು.

ನಡುವಿನ ದಾರಿಗಳು

ತಂತ್ರಜ್ಞರು ಕೈಕಟ್ಟಿ ಕುಳಿತಿಲ್ಲ. ವಿಂಡೋಸ್ 2000 ತನ್ನ ಮುಖ್ಯ ಕಡತಗಳ ಮೇಲೆ ಬೇರೆಯವರು ಬರೆಯದಂತೆ ಕಾವಲು ಹಾಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳು ಅಕ್ಕಪಕ್ಕದಲ್ಲಿ ಇರಬಹುದಾದ ಏರ್ಪಾಟು ಬಂತು. ಲಿನಕ್ಸಿನಲ್ಲಿ ಫ್ಲ್ಯಾಟ್‌ಪ್ಯಾಕ್ ಎಂಬ ವ್ಯವಸ್ಥೆಯು ಸಾಮಾನ್ಯ ಲೈಬ್ರರಿಗಳ ದೊಡ್ಡ ಕಟ್ಟೊಂದನ್ನು ಎಲ್ಲ ತಂತ್ರಾಂಶಗಳಿಗೂ ಹಂಚಿ, ವಿಶೇಷವಾದವುಗಳನ್ನು ಮಾತ್ರ ತಂತ್ರಾಂಶದೊಳಗೆ ಇಡುತ್ತದೆ. ಗೋ ಮತ್ತು ರಸ್ಟ್ ಭಾಷೆಗಳು ಹೆಚ್ಚುಕಡಿಮೆ ಒಂದೇ ಕಡತದ ಪಕ್ಷ ವಹಿಸಿವೆ.

ಪರವಾನಗಿಯ ಮಾತೂ ಇದೆ. 1991ರಲ್ಲಿ ಮೊದಲು ಬಂದ ಎಲ್‌ಜಿಪಿಎಲ್ ಪರವಾನಗಿಯ ಲೈಬ್ರರಿಯನ್ನು ನಿಮ್ಮ ಕ್ರಮವಿಧಿಯೊಳಗೆ ಸೇರಿಸಿಬಿಟ್ಟರೆ, ಬಳಕೆದಾರನು ಅದನ್ನು ತಿದ್ದಿ ಮತ್ತೆ ಜೋಡಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನೂ ಒದಗಿಸಬೇಕಾಗುತ್ತದೆ. ಹಂಚಿಕೆಯ ಲೈಬ್ರರಿಯಾಗಿ ಬಳಸಿದರೆ ಈ ಷರತ್ತನ್ನು ಪಾಲಿಸುವುದು ಸುಲಭ. ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್‌ಗಳನ್ನು ಹಂಚುವಾಗ ಇದನ್ನು ಮರೆಯಬಾರದು.

ನನ್ನ ತೀರ್ಮಾನವನ್ನು ಹೀಗೆ ಹೇಳಬಹುದು. ಹೊರಗಿನಿಂದ ಬಂದ ಅಪರಿಚಿತ ಮಾಹಿತಿಯನ್ನು ಮುಟ್ಟುವ ಲೈಬ್ರರಿಗಳು, ಅಂದರೆ ಚಿತ್ರ ಬಿಡಿಸುವವು, ಗುಪ್ತಲಿಪಿಯವು, ಸಂಕೋಚನದವು, ಹಂಚಿಕೆಯಲ್ಲೇ ಇರಲಿ. ಅವುಗಳಲ್ಲಿ ದೋಷ ಸಿಕ್ಕಿದಾಗ ಒಂದೇ ದಿನದಲ್ಲಿ ತಿದ್ದಲು ಸಾಧ್ಯವಾಗಬೇಕು. ಫಲಿತಾಂಶವು ವರ್ಷಗಳ ನಂತರವೂ ಹಾಗೆಯೇ ಬರಬೇಕಾದ ಲೆಕ್ಕಗಳು, ಪದೇ ಪದೇ ಬದಲಾಗುವ ಸಣ್ಣ ಲೈಬ್ರರಿಗಳು, ಇಂಟರ್ನೆಟ್ ಸಂಪರ್ಕವಿಲ್ಲದ ಪ್ರಯೋಗಾಲಯದ ತಂತ್ರಾಂಶಗಳು ಒಂದೇ ಕಡತವಾಗಿ ಬರಲಿ. ಬೇರೆಯವರ ಲೈಬ್ರರಿಯನ್ನು ತನ್ನೊಳಗೆ ಸೇರಿಸಿಕೊಂಡವನು ಅದರ ದುರಸ್ತಿಯ ಹೊಣೆಯನ್ನೂ ಹೊರಬೇಕು. ಹೊಣೆ ಹೊರಲಾರದವನು ನಕಲು ಮಾಡಿಕೊಳ್ಳಬಾರದು. ಇದು ತಂತ್ರಜ್ಞಾನದ ಪ್ರಶ್ನೆಗಿಂತ ಹೆಚ್ಚಾಗಿ ಜವಾಬ್ದಾರಿಯ ಪ್ರಶ್ನೆ.

ತರಗತಿಯಲ್ಲಿ ಮಾಡಿನೋಡಿ

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಕಣ್ಣಾರೆ ಕಾಣಬಹುದು. ಪರದೆಯ ಮೇಲೆ ‘ನಮಸ್ಕಾರ’ ಎಂದಷ್ಟೇ ತೋರಿಸುವ ಸಿ ಕ್ರಮವಿಧಿಯೊಂದನ್ನು ಬರೆಯಿರಿ. ಜಿಸಿಸಿ ಕಂಪೈಲರಿನಿಂದ ಒಮ್ಮೆ ಸಾಮಾನ್ಯವಾಗಿ, ಇನ್ನೊಮ್ಮೆ ‘ಸ್ಟ್ಯಾಟಿಕ್’ ಎಂಬ ಆಯ್ಕೆ ಕೊಟ್ಟು ಕಡತ ತಯಾರಿಸಿ. ಮೊದಲನೆಯದು ಸುಮಾರು 16 ಕಿಲೋಬೈಟ್, ಎರಡನೆಯದು ಸುಮಾರು 800 ಕಿಲೋಬೈಟ್ ಇರುತ್ತದೆ. ಒಂದು ನಮಸ್ಕಾರಕ್ಕೆ ಐವತ್ತು ಪಟ್ಟು ಸಾಮಾನು! ನಂತರ ‘ಎಲ್‌ಡಿಡಿ’ ಎಂಬ ಆದೇಶದಿಂದ ಎರಡನ್ನೂ ಪರೀಕ್ಷಿಸಿ. ಮೊದಲನೆಯದು ತಾನು ಯಾವ ಯಾವ ಲೈಬ್ರರಿಗಳನ್ನು ನೆಚ್ಚಿದ್ದೇನೆಂದು ಪಟ್ಟಿ ಕೊಡುತ್ತದೆ. ಎರಡನೆಯದು ಯಾರನ್ನೂ ನೆಚ್ಚಿಲ್ಲವೆನ್ನುತ್ತದೆ. ಆಮೇಲೆ ನೀವು ದಿನವೂ ಬಳಸುವ ಡೆಸ್ಕ್‌ಟಾಪ್ ತಂತ್ರಾಂಶವೊಂದರ ಮೇಲೆ ಅದೇ ಆದೇಶವನ್ನು ಪ್ರಯೋಗಿಸಿ, ಪಟ್ಟಿಯ ಉದ್ದವನ್ನು ವಿದ್ಯಾರ್ಥಿಗಳಿಂದ ಎಣಿಸಿ.

ಪ್ರಯೋಗಾಲಯಕ್ಕೆ ತಂತ್ರಾಂಶ ಕೊಳ್ಳುವಾಗ ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಇದರೊಳಗೆ ಬೇರೆಯವರ ಲೈಬ್ರರಿಗಳು ಯಾವುವು, ಯಾವ ಆವೃತ್ತಿಯವು? ಅವುಗಳಲ್ಲಿ ದೋಷ ಸಿಕ್ಕಿದರೆ ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತೀರಿ? ನಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಯಾವ ಕಡತವನ್ನಾದರೂ ನೀವು ಬದಲಿಸುತ್ತೀರಾ? 2003ರಲ್ಲಿ ಮೂರನೆಯ ಪ್ರಶ್ನೆಯೊಂದನ್ನು ಕೇಳಿದ್ದರೂ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಮುಂಚಿನ ಎರಡು ದಿನಗಳನ್ನು ಕಳೆದುಕೊಳ್ಳುತ್ತಿರಲಿಲ್ಲ.